ಉಪ್ಪಿಲ್ಲದ ಒಣಮೀನು, ಹೂತಿಟ್ಟ ಶಾರ್ಕ್: ಐಸ್‌ಲ್ಯಾಂಡಿನ ಗಾಳಿ ಮಾಡುವ ಕೆಲಸ

ಪ್ರಶ್ನೆ: ನಾನು ಕುಂದಾಪುರದ ಹತ್ತಿರದವಳು. ಮಗ ಎರಡು ವರ್ಷದಿಂದ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ಕೆಲಸದಲ್ಲಿದ್ದಾನೆ. ಈ ಫೆಬ್ರವರಿಯಲ್ಲಿ ಕಚೇರಿಯ ಹಬ್ಬದೂಟದಲ್ಲಿ ಶಾರ್ಕ್ ಮೀನಿನ ಚಿಕ್ಕ ತುಂಡುಗಳನ್ನು ಕೊಟ್ಟರಂತೆ. ನೆಲದಲ್ಲಿ ಹೂತು ಕೊಳೆಸಿದ ಮೀನು ಅದು, ಮೂಗಿಗೆ ಮೂತ್ರದ ವಾಸನೆ ಹೊಡೆಯಿತು ಎಂದು ಫೋನಿನಲ್ಲಿ ಹೇಳಿದ. ಅಂಥದ್ದನ್ನು ತಿಂದರೆ ಏನೂ ಆಗುವುದಿಲ್ಲವೇ? ಊರಿಗೆ ಬಂದಾಗ ಅಲ್ಲಿಯ ಒಣಮೀನಿನ ಪೊಟ್ಟಣ ತಂದಿದ್ದ. ಅದಕ್ಕೆ ಉಪ್ಪೇ ಹಾಕುವುದಿಲ್ಲವಂತೆ. ನಮ್ಮಲ್ಲಿ ಉಪ್ಪು ಹಾಕದೆ ಮೀನು ಒಣಗಿಸಿದರೆ ಎರಡನೇ ದಿನಕ್ಕೆ ಹುಳ ಬೀಳುತ್ತದೆ. ಅವರಿಗೆ ಹೇಗೆ ಸಾಧ್ಯ? ನನಗೆ ರಕ್ತದೊತ್ತಡವಿದೆ, ವೈದ್ಯರು ಒಣಮೀನು ಬಿಡಿಸಿದ್ದಾರೆ. ಆ ಕ್ರಮದಲ್ಲಿ ಮನೆಯಲ್ಲೇ ಮಾಡಿಕೊಳ್ಳಬಹುದೇ?

ಉತ್ತರ:

ಮೊದಲು ಮಗನ ವಿಷಯದಲ್ಲಿ ಧೈರ್ಯವಾಗಿರಿ. ಅವನು ತಿಂದದ್ದು ಕೊಳೆತ ಮೀನಲ್ಲ. ಅವನ ಮೂಗು ಮಾತ್ರ ಸುಳ್ಳು ಹೇಳಿಲ್ಲ: ಅದು ಅಮೋನಿಯದ ವಾಸನೆ, ಮತ್ತು ಆ ಅಮೋನಿಯ ಬಂದದ್ದೂ ಮೂತ್ರದಲ್ಲಿ ಇರುವಂಥ ಯೂರಿಯಾ ಎಂಬ ವಸ್ತುವಿನಿಂದಲೇ. ಆದರೆ ಆ ಯೂರಿಯಾ ಮೀನಿನ ಮಾಂಸದೊಳಗೇ ಇದ್ದದ್ದು. ಶಾರ್ಕಿನ ಮೇಲೆ ಮೂತ್ರ ಮಾಡಿ ಹೂಳುತ್ತಾರೆ ಎಂಬ ಕತೆಯೊಂದು ಪ್ರವಾಸಿಗರ ನಡುವೆ ಓಡಾಡುತ್ತಿದೆ. ಅದು ಶುದ್ಧ ಸುಳ್ಳು. ನಿಮ್ಮ ಮಗನಿಗೂ ಯಾರಾದರೂ ಹೇಳಿರಬಹುದು, ನಂಬಬೇಡ ಎನ್ನಿ.

ನಿಮ್ಮ ಮೂರು ಪ್ರಶ್ನೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಎರಡನೆಯದು. ಉಪ್ಪಿಲ್ಲದೆ ಹೇಗೆ ಎಂದು ಕೇಳಿದಿರಿ. ಮೀನು ಒಣಗಿಸಿದ ಕೈಗೆ ಮಾತ್ರ ಹೊಳೆಯುವ ಪ್ರಶ್ನೆ ಅದು. ಶಾರ್ಕಿನ ಗುಟ್ಟೂ ಅದರೊಳಗೇ ಇರುವುದರಿಂದ ಅಲ್ಲಿಂದಲೇ ತೊಡಗುತ್ತೇನೆ.

ಸುತ್ತ ಸಮುದ್ರವಿರುವ ದ್ವೀಪಕ್ಕೆ ಉಪ್ಪಿನ ಬರ ಎಂದರೆ ನಮಗೆ ವಿಚಿತ್ರವೆನಿಸುತ್ತದೆ. ಗೋಕರ್ಣದ ಪಕ್ಕದ ಸಾಣಿಕಟ್ಟೆಯನ್ನು ನೋಡಿದವರಿಗೆ ಉಪ್ಪು ಎಂದರೆ ಗದ್ದೆಗೆ ನೀರು ಕಟ್ಟಿ ಬಿಸಿಲಿಗೆ ಬಿಡುವುದು, ಅಷ್ಟೆ. ಐಸ್‌ಲ್ಯಾಂಡಿನಲ್ಲಿ ಆ ಬಿಸಿಲಿಲ್ಲ. ಜುಲೈ ತಿಂಗಳಲ್ಲೂ ರೇಕ್ಯಾವಿಕ್‌ನ ಸರಾಸರಿ ಉಷ್ಣತೆ ಹನ್ನೊಂದು–ಹನ್ನೆರಡು ಡಿಗ್ರಿ ಸೆಲ್ಸಿಯಸ್ ಆಸುಪಾಸು, ಜನವರಿಯಲ್ಲಿ ಸೊನ್ನೆಯ ಸುತ್ತಮುತ್ತ. ಸಮುದ್ರದ ನೀರನ್ನು ಕುದಿಸಿ ಉಪ್ಪು ತೆಗೆಯೋಣವೆಂದರೆ ಸೌದೆ ಬೇಕು. ಒಂಬತ್ತನೆಯ ಶತಮಾನದ ಕೊನೆಯಲ್ಲಿ ನಾರ್ವೆಯ ಕಡೆಯಿಂದ ಬಂದು ನೆಲೆಸಿದವರು ಅಲ್ಲಿದ್ದ ಬರ್ಚ್ ಕಾಡನ್ನು ಕೆಲವೇ ತಲೆಮಾರುಗಳಲ್ಲಿ ಕಡಿದು, ಸುಟ್ಟು, ಕುರಿಗಳಿಗೆ ಮೇಯಿಸಿ ಮುಗಿಸಿದರು. ಮತ್ತೆ ಮರ ಸುಲಭವಾಗಿ ಬೆಳೆಯಲಿಲ್ಲ. ಹಡಗಿನಲ್ಲಿ ಬರುತ್ತಿದ್ದ ಉಪ್ಪು ದುಬಾರಿ. 1602ರಿಂದ 1787ರವರೆಗೆ ಆ ದ್ವೀಪದ ವ್ಯಾಪಾರವೆಲ್ಲ ಡೆನ್ಮಾರ್ಕಿನ ಏಕಸ್ವಾಮ್ಯದಲ್ಲಿತ್ತು. ಬೇಕಾದದ್ದನ್ನು ಬೇಕಾದವರಿಂದ ಕೊಳ್ಳುವ ಸ್ವಾತಂತ್ರ್ಯವೂ ಬಡ ರೈತನಿಗಿರಲಿಲ್ಲ.

ಹೀಗಾಗಿ ಆ ಜನ ಆಹಾರ ಕಾಪಾಡುವುದಕ್ಕೆ ತಮ್ಮ ಬಳಿ ಇದ್ದದ್ದನ್ನೇ ಹಿಡಿದರು. ಮಾಂಸಕ್ಕೆ, ಹಾಲು ಒಡೆದ ಮೇಲೆ ಉಳಿಯುವ ಹುಳಿ ನೀರು; ಅದರಲ್ಲೇ ಮುಳುಗಿಸಿ ವರ್ಷಪೂರ್ತಿ ಇಟ್ಟರು. ಮೀನಿಗೆ, ಗಾಳಿ.

ಅಲ್ಲಿಯ ಗಾಳಿಯ ಬಗ್ಗೆ ಸ್ವಲ್ಪ ಹೇಳಬೇಕು. ಮೀನು ಸಂಸ್ಕರಣೆಯನ್ನು ಬಹಳ ವರ್ಷ ಕಲಿಸಿದವನು ನಾನು. ಒಂದು ಮಾರ್ಚ್ ತಿಂಗಳಲ್ಲಿ ಐಸ್‌ಲ್ಯಾಂಡಿನ ಪಶ್ಚಿಮ ಕರಾವಳಿಯ ಒಂದು ಒಣಗಿಸುವ ಚಪ್ಪರದಡಿ ನಿಂತಿದ್ದೆ. ಹ್ಯಾತ್ಲುರ್ ಎನ್ನುತ್ತಾರೆ ಅದಕ್ಕೆ. ಮೇಲೆ ಮಾಡು, ಸುತ್ತಲೂ ಸಂದು ಬಿಟ್ಟು ಹೊಡೆದ ಹಲಗೆಗಳು. ಮಳೆ ಒಳಗೆ ಬರಬಾರದು, ಗಾಳಿ ಒಂದು ಕ್ಷಣವೂ ನಿಲ್ಲಬಾರದು. ಹತ್ತು ನಿಮಿಷಕ್ಕೆ ನನ್ನ ತುಟಿ ಒಡೆಯಿತು. ಪಕ್ಕದಲ್ಲಿದ್ದ ಮುದುಕರು ತೂಗಾಡುತ್ತಿದ್ದ ಮೀನನ್ನು ಬೆರಳಿನಿಂದ ತಟ್ಟಿ ತೋರಿಸಿದರು, ಒಣಗಿದ ತೆಂಗಿನ ಗರಿಯ ಹಾಗೆ ಸದ್ದು ಮಾಡಿತು. ನಾನು ಪಾಠದಲ್ಲಿ ಹೇಳುತ್ತಿದ್ದ ಸೂತ್ರಗಳೆಲ್ಲ ಆ ಸದ್ದಿನೊಳಗಿದ್ದವು.

ಮೀನು ಕೆಡುವುದಕ್ಕೆ ಎರಡು ಬೇಕು, ನೀರು ಮತ್ತು ಬಿಸಿ. ನಮ್ಮ ಕರಾವಳಿಯಲ್ಲಿ ಎರಡೂ ಧಾರಾಳ. ಮೂವತ್ತು ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ಗಂಟೆಗಂಟೆಗೂ ಹಲವು ಪಟ್ಟು ಹೆಚ್ಚುತ್ತವೆ, ನೊಣ ಬಂದು ಮೊಟ್ಟೆಯಿಡುತ್ತದೆ, ಆರ್ದ್ರ ಗಾಳಿ ಮೀನಿನ ನೀರನ್ನು ಬೇಗ ಎಳೆಯುವುದಿಲ್ಲ. ಆದ್ದರಿಂದ ಉಪ್ಪು ಹಾಕುತ್ತೇವೆ. ಉಪ್ಪು ಒಂದೇ ರಾತ್ರಿಯಲ್ಲಿ ಮೀನಿನ ನೀರನ್ನು ಹೊರಗೆಳೆದು, ಒಳಗೆ ಉಳಿದ ನೀರನ್ನೂ ಬ್ಯಾಕ್ಟೀರಿಯಾಕ್ಕೆ ದಕ್ಕದಂತೆ ಹಿಡಿದಿಟ್ಟುಕೊಳ್ಳುತ್ತದೆ. ಬಿಸಿಲು ತನ್ನ ಕೆಲಸ ಮುಗಿಸುವವರೆಗೆ ಮೀನನ್ನು ಕಾಯುವ ಕಾವಲುಗಾರ ಅದು. ಐಸ್‌ಲ್ಯಾಂಡಿನಲ್ಲಿ ಈ ಕಾವಲನ್ನು ಚಳಿ ಮಾಡುತ್ತದೆ. ಸೊನ್ನೆಯ ಆಚೀಚೆ ತೂಗಾಡುವ ಹವೆಯಲ್ಲಿ ಬ್ಯಾಕ್ಟೀರಿಯಾ ಮಂಕಾಗಿರುತ್ತವೆ, ನೊಣ ಇರುವುದಿಲ್ಲ, ಗಾಳಿ ಹಗಲೂ ರಾತ್ರಿಯೂ ನೀರನ್ನು ಒಯ್ಯುತ್ತಲೇ ಇರುತ್ತದೆ. ರಾತ್ರಿ ಮೀನು ಹೆಪ್ಪುಗಟ್ಟಿ, ಹಗಲು ಸಡಿಲವಾಗಿ, ಮತ್ತೆ ಹೆಪ್ಪುಗಟ್ಟುವಾಗ ಮಾಂಸದ ಎಳೆಗಳು ಬಿಡಿಬಿಡಿಯಾಗುತ್ತವೆ. ಅಲ್ಲಿಯ ಒಳ್ಳೆಯ ಒಣಮೀನು ಕೈಯಲ್ಲಿ ಹತ್ತಿಯಂತೆ ಎಳೆಎಳೆಯಾಗಿ ಸುಲಿಯುವುದು ಇದರಿಂದ. ಬೇಸಿಗೆಯಲ್ಲಿ ನೇತುಹಾಕಿದರೆ ಅವರಿಗೂ ನೊಣದ ಕಾಟ ತಪ್ಪಿದ್ದಲ್ಲ. ಹಾಗಾಗಿ ಚಳಿಗಾಲದ ಕೊನೆ ಮತ್ತು ವಸಂತವೇ ಇದರ ಕಾಲ.

ಇನ್ನೊಂದು ಕಾರಣ ಮೀನಿನಲ್ಲೇ ಇದೆ, ಇದನ್ನು ಬಹಳ ಜನ ಮರೆಯುತ್ತಾರೆ. ಅವರು ಒಣಗಿಸುವುದು ಮುಖ್ಯವಾಗಿ ಕಾಡ್ ಮತ್ತು ಹ್ಯಾಡಕ್ ಎಂಬ ಬಿಳಿ ಮಾಂಸದ ಮೀನುಗಳನ್ನು. ಇವು ತಮ್ಮ ಕೊಬ್ಬನ್ನೆಲ್ಲ ಪಿತ್ತಜನಕಾಂಗದಲ್ಲಿ ಕೂಡಿಟ್ಟುಕೊಳ್ಳುತ್ತವೆ. ನಾವು ಚಿಕ್ಕಂದಿನಲ್ಲಿ ಮೂಗು ಹಿಡಿದು ಕುಡಿದ ಕಾಡ್ ಲಿವರ್ ಎಣ್ಣೆ ಅದೇ. ಮಾಂಸದಲ್ಲಿ ಕೊಬ್ಬು ನೂರಕ್ಕೆ ಒಂದು ಭಾಗವೂ ಇಲ್ಲ. ಬೂತಾಯಿ, ಬಂಗುಡೆಗಳ ಮಾಂಸದಲ್ಲೇ ಎಣ್ಣೆ. ನೀವು ಬೂತಾಯಿ ಒಣಗಿಸಿಟ್ಟಾಗ ಕೆಲವು ತಿಂಗಳಿಗೆ ಹಳದಿಗಟ್ಟಿ ಗಂಟಲು ಕೆರೆಯುವ ಕಮಟು ಬರುತ್ತದಲ್ಲ, ಅದು ಎಣ್ಣೆ ಗಾಳಿಗೆ ಕೆಟ್ಟದ್ದು. ಕಾಡ್ ಮೀನಿಗೆ ಆ ಭಯವಿಲ್ಲ. ಚೆನ್ನಾಗಿ ಒಣಗಿದ್ದು ವರ್ಷಗಟ್ಟಲೆ ಉಳಿಯುತ್ತದೆ.

ಈ ಒಣಮೀನಿನಲ್ಲಿ ಎರಡು ಬಗೆ. ತಲೆ, ಕರುಳು ತೆಗೆದು, ಎರಡೆರಡು ಮೀನುಗಳ ಬಾಲಕ್ಕೆ ಹಗ್ಗ ಕಟ್ಟಿ ಮರದ ಅಡ್ಡಗಳ ಮೇಲೆ ಇಡಿಯಾಗಿ ತೂಗುಹಾಕಿದ್ದು ಸ್ಕ್ರೇಯ್ದ್. ಕೆಲವು ತಿಂಗಳಿಗೆ ಅದು ಕಟ್ಟಿಗೆಯಷ್ಟು ಗಟ್ಟಿ. ಅದನ್ನು ದಿನಗಟ್ಟಲೆ ನೆನೆಹಾಕಿ ಬೇಯಿಸಬೇಕು. ನಿಮ್ಮ ಮಗ ತಂದದ್ದು ಹಾರ್ದ್‌ಫಿಸ್ಕುರ್. ಹೆಸರಿನ ಅರ್ಥವೇ ಗಟ್ಟಿ ಮೀನು. ಸೀಳಿ, ಮುಳ್ಳು ತೆಗೆದು ಒಣಗಿಸಿ, ಬಳಿಕ ಜಜ್ಜಿ ಮೆತ್ತಗೆ ಮಾಡಿದ್ದು. ಬೇಯಿಸದೆ ಹಾಗೆಯೇ ತಿನ್ನುತ್ತಾರೆ. ಹಿಂದೆ ಪ್ರತಿ ಮನೆಯ ಬಾಗಿಲಲ್ಲೂ ಮೀನು ಜಜ್ಜುವ ಚಪ್ಪಟೆ ಕಲ್ಲೊಂದು, ಅದರ ಪಕ್ಕ ಒಂದು ದೊಡ್ಡ ಸುತ್ತಿಗೆ ಇರುತ್ತಿದ್ದವು. ನಮ್ಮ ಮನೆಗಳಲ್ಲಿ ಅರೆಯುವ ಕಲ್ಲಿಗೆ ಇದ್ದ ಸ್ಥಾನ ಅವರಲ್ಲಿ ಆ ಕಲ್ಲಿಗೆ. ಜಜ್ಜಿದ ಮೀನಿಗೆ ಬೆಣ್ಣೆ ಹಚ್ಚಿ ತಿನ್ನುವುದು ಕ್ರಮ. ಈಗ ಅದು ಬಾಯಾಡಿಸುವ ತಿಂಡಿ. ಆಗ ಅದೇ ಊಟ. ಆ ಚಳಿಯ ನೆಲದಲ್ಲಿ ಧಾನ್ಯ ಸರಿಯಾಗಿ ಬೆಳೆಯುತ್ತಿರಲಿಲ್ಲ, ರೊಟ್ಟಿಯ ಜಾಗದಲ್ಲಿ ಒಣಮೀನು ಬೆಣ್ಣೆ ಇದ್ದವು. ಬೆಣ್ಣೆ ಶೋಕಿಗೆ ಬಂದದ್ದಲ್ಲ: ಕೊಬ್ಬೇ ಇಲ್ಲದ ಮೀನು, ಚಳಿಯಲ್ಲಿ ದುಡಿಯುವ ಮೈಗೆ ಕೊಬ್ಬು ಬೇಕೇಬೇಕು.

ಅಡ್ಡ ಕಟ್ಟುವುದಕ್ಕೂ ಮರವಿಲ್ಲದ ಕಡೆ ಲಾವಾ ಕಲ್ಲನ್ನೇ ಬಳಸಿದರು. ಸ್ನೈಫೆಲ್ಸ್‌ನೆಸ್ ಎಂಬ ಪಶ್ಚಿಮದ ಪರ್ಯಾಯ ದ್ವೀಪದ ತುದಿಯಲ್ಲಿ, ಗುವುಸ್ಕೌಲರ್ ಎಂಬಲ್ಲಿ, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಜೇನುಗೂಡಿನಂಥ ಗುಡಿಸಲುಗಳು ಶತಮಾನಗಳಿಂದ ನಿಂತಿವೆ. ಕಲ್ಲುಗಳ ಸಂದಿನಿಂದ ಗಾಳಿ ನುಗ್ಗುತ್ತದೆ, ಮಳೆ ನುಗ್ಗುವುದಿಲ್ಲ. ಪಾಚಿ ಹಿಡಿದ ಆ ಗೂಡುಗಳ ಎದುರು ನಿಂತರೆ ಯಾವ ದೇವಾಲಯದ ಎದುರು ನಿಂತಷ್ಟೇ ಗೌರವ ನನಗೆ ಮೂಡುತ್ತದೆ. ಒಂದು ನಾಡಿನ ಹೊಟ್ಟೆ ಅವುಗಳಿಂದ ತುಂಬಿದೆ.

ಹೊಟ್ಟೆ ಮಾತ್ರವೂ ಅಲ್ಲ. ಹದಿನಾಲ್ಕನೆಯ ಶತಮಾನದಿಂದ ಐಸ್‌ಲ್ಯಾಂಡ್ ಹೊರಗೆ ಮಾರಿದ ಮುಖ್ಯ ಸರಕು ಒಣಮೀನು. ಕ್ರೈಸ್ತ ಯೂರೋಪಿನಲ್ಲಿ ವರ್ಷಕ್ಕೆ ನೂರಕ್ಕೂ ಹೆಚ್ಚು ದಿನ ಮಾಂಸ ನಿಷಿದ್ಧವಾಗಿತ್ತು. ಕೆಡದ, ಹಗುರಾದ, ಹಡಗಿನಲ್ಲಿ ಕಟ್ಟಿಗೆಯಂತೆ ಪೇರಿಸಬಹುದಾದ ಮೀನಿಗೆ ಅಲ್ಲಿ ಎಲ್ಲಿಲ್ಲದ ಬೇಡಿಕೆ. ನಾರ್ವೆಯ ಬರ್ಗೆನ್ ಮೂಲಕ ಅದು ಹೋಯಿತು. ಹದಿನೈದನೆಯ ಶತಮಾನದಲ್ಲಿ ಇಂಗ್ಲಿಷರು, ಅವರ ಹಿಂದೆ ಜರ್ಮನ್ ವರ್ತಕರು ದ್ವೀಪಕ್ಕೇ ಬಂದು ಕೊಂಡರು. ಐಸ್‌ಲ್ಯಾಂಡಿನ ಲಾಂಛನದಲ್ಲಿ 1903ರವರೆಗೂ ಇದ್ದದ್ದು ಕಿರೀಟ ತೊಟ್ಟ ಒಣಮೀನು. ನಂತರ ಅದರ ಜಾಗಕ್ಕೆ ಗಿಡುಗ ಬಂತು. ಉಪ್ಪು ಸುಲಭವಾಗಿ ಸಿಗತೊಡಗಿದ ಮೇಲೆ, ಹತ್ತೊಂಬತ್ತನೆಯ ಶತಮಾನದಲ್ಲಿ, ಉಪ್ಪುಮೀನು ಮುಂದಾಯಿತು, ಸ್ಪೇನ್ ಮತ್ತು ಪೋರ್ಚುಗಲ್‌ಗೆ ಹಡಗುಗಟ್ಟಲೆ ಹೋಯಿತು. ತಣ್ಣೀರಿನ ತೊಟ್ಟಿಯ ಮುಂದೆ ನಿಂತು ಆ ಮೀನು ತಿಕ್ಕಿ ತೊಳೆದು, ಕಲ್ಲು ಹಾಸಿನ ಮೇಲೆ ಹರವಿ ಒಣಗಿಸಿದವರು ಹೆಂಗಸರು. ನಮ್ಮ ಬಂದರುಗಳಲ್ಲಿ ಮೀನು ಒಣಗಿಸುವ ಕೈಗಳನ್ನು ನೋಡಿದ ನಿಮಗೆ ಅದರ ಕಷ್ಟ ವಿವರಿಸಬೇಕಿಲ್ಲ. ಇಂದು ಅಲ್ಲಿಂದ ಕಾಡ್ ಮೀನಿನ ಒಣ ತಲೆಗಳು ನೈಜೀರಿಯಾಕ್ಕೆ ಹೋಗುತ್ತವೆ. ಬಹುಪಾಲನ್ನು ನೆಲದಡಿಯಿಂದ ಬರುವ ಬಿಸಿನೀರಿನ ಶಾಖದಲ್ಲಿ, ಮುಚ್ಚಿದ ಕೋಣೆಗಳಲ್ಲಿ ಒಣಗಿಸುತ್ತಾರೆ.

ಈಗ ಶಾರ್ಕಿಗೆ ಬರೋಣ.

ಕನ್ನಡದಲ್ಲಿ ನಮಗೆ ಒಳ್ಳೆಯ ಮಾತುಗಳಿವೆ. ಅನ್ನ ಹಳಸುತ್ತದೆ, ಹಣ್ಣು ಕೊಳೆಯುತ್ತದೆ, ದೋಸೆಯ ಹಿಟ್ಟು ಹುದುಗುತ್ತದೆ. ಮೂರೂ ಕಡೆ ಕೆಲಸ ಮಾಡುವುದು ಸೂಕ್ಷ್ಮಜೀವಿಗಳೇ, ಆದರೆ ಹುದುಗಿದ ಹಿಟ್ಟನ್ನು ಹಳಸಿದ್ದು ಎಂದು ಯಾವ ತಾಯಿಯೂ ಚೆಲ್ಲುವುದಿಲ್ಲ. ಐಸ್‌ಲ್ಯಾಂಡಿನವರಿಗೂ ಇಂಥ ಮಾತುಗಳಿವೆ. ಕೆಟ್ಟು ನಾರುವ ಮೀನಿಗೆ ಊಲ್ದಿನ್ ಎನ್ನುತ್ತಾರೆ, ಅದನ್ನು ಎಸೆಯುತ್ತಾರೆ. ಕೆಲವು ದಿನ ಗಾಳಿಗೆ ತೂಗುಬಿಟ್ಟು, ಅರೆ ಒಣಗಿ ಸ್ವಲ್ಪ ಮಾಗಿದ ಮೀನು ಸಿಯಿನ್. ಅದನ್ನು ಬೇಯಿಸಿ ಕುರಿಯ ಕೊಬ್ಬಿನೊಂದಿಗೆ ಉಣ್ಣುತ್ತಾರೆ. ಹೂತಿಟ್ಟ ಶಾರ್ಕ್ ಮತ್ತು ರಾಶಿ ಹಾಕಿಟ್ಟ ಸ್ಕೇಟ್ ಮೀನಿಗೆ ಕೈಸ್ತುರ್ ಎಂಬ ಬೇರೆಯೇ ಮಾತು. ರಾಶಿ ಎಂಬ ಅರ್ಥದ ಕೋಸ್ ಶಬ್ದದಿಂದ ಬಂದದ್ದು ಅದು. ರಾಶಿ ಹಾಕಿ ಮಾಗಿಸಿದ್ದು ಎಂದರ್ಥ. ‘ಕೊಳೆಸಿದ ಶಾರ್ಕ್’ ಎಂಬುದು ಹೊರಗಿನವರ ಮಾತು, ಆ ಜನರದ್ದಲ್ಲ.

ಈ ಶಾರ್ಕಿಗೆ ಗ್ರೀನ್‌ಲ್ಯಾಂಡ್ ಶಾರ್ಕ್ ಎಂದು ಹೆಸರು. ಅಲ್ಲಿ ಮೀನಿಗೂ ತಿನಿಸಿಗೂ ಒಂದೇ ಹೆಸರು, ಹೌಕಾರ್ಟ್ಲ್. ಐದು ಮೀಟರಿಗೂ ಮೀರಿ ಬೆಳೆಯುವ, ತಣ್ಣನೆಯ ಆಳದಲ್ಲಿ ನಿಧಾನವಾಗಿ ಈಜುವ ಮೀನು. ವರ್ಷಕ್ಕೆ ಒಂದು ಸೆಂಟಿಮೀಟರ್ ಕೂಡ ಬೆಳೆಯುವುದಿಲ್ಲ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದರ ಕಣ್ಣಿನ ಮಸೂರವನ್ನು ಪರೀಕ್ಷಿಸಿ, ಪರೀಕ್ಷೆಗೆ ಸಿಕ್ಕ ಅತಿ ದೊಡ್ಡ ಮೀನಿಗೆ ಕಡಿಮೆಯೆಂದರೂ 272 ವರ್ಷ ಎಂದು ಲೆಕ್ಕ ಹಾಕಿತು. ಬೆನ್ನೆಲುಬಿರುವ ಬೇರೆ ಯಾವ ಪ್ರಾಣಿಯೂ ಇಷ್ಟು ಕಾಲ ಬದುಕುವುದು ನಮಗೆ ತಿಳಿದಿಲ್ಲ. ಹಿಂದೆ ಇದನ್ನು ಬೇಟೆಯಾಡಿದ್ದು ಮಾಂಸಕ್ಕಿಂತ ಹೆಚ್ಚಾಗಿ ಎಣ್ಣೆಗೆ. ಇದರ ಪಿತ್ತಜನಕಾಂಗದ ಎಣ್ಣೆ ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ಬೀದಿದೀಪಗಳಲ್ಲಿ ಉರಿಯಿತು. ನಡುಚಳಿಗಾಲದಲ್ಲಿ, ಮುಚ್ಚಿಗೆಯಿಲ್ಲದ ದೋಣಿಗಳಲ್ಲಿ, ದಿನಗಟ್ಟಲೆ ಗಾಳ ಬಿಟ್ಟು ಕುಳಿತು ಇದನ್ನು ಹಿಡಿಯುತ್ತಿದ್ದರು. ಈಗ ಹಾಗೆ ಹುಡುಕಿ ಹಿಡಿಯುವುದು ಬಹುತೇಕ ನಿಂತಿದೆ; ಬೇರೆ ಮೀನಿಗೆ ಹಾಕಿದ ಬಲೆಗೆ ಬಿದ್ದದ್ದು ದಡಕ್ಕೆ ಬರುತ್ತದೆ. ಇಷ್ಟು ನಿಧಾನವಾಗಿ ಬೆಳೆಯುವ ಜೀವವನ್ನು ಹೆಚ್ಚು ಹಿಡಿಯಬಾರದು ಎಂಬುದರಲ್ಲಿ ನನಗೆ ಯಾವ ಸಂದೇಹವೂ ಇಲ್ಲ.

ಇದರ ಹಸಿ ಮಾಂಸ ವಿಷ. ತಿಂದ ನಾಯಿಗಳು ಕುಡಿದವರಂತೆ ತೂರಾಡಿ ಬೀಳುತ್ತವೆ. ಕಾರಣ ಹೀಗಿದೆ. ಸಮುದ್ರದ ನೀರು ಮೈಯೊಳಗಿನ ನೀರಿಗಿಂತ ಹೆಚ್ಚು ಉಪ್ಪು. ಏನೂ ಮಾಡದಿದ್ದರೆ ಮೀನಿನ ಮೈಯ ನೀರೆಲ್ಲ ಹೊರಕ್ಕೆ ಎಳೆದುಹೋಗುತ್ತದೆ. ಶಾರ್ಕ್ ಬಳಗ ಇದಕ್ಕೆ ಕಂಡುಕೊಂಡ ಉಪಾಯ, ಯೂರಿಯಾವನ್ನು ಹೊರಗೆ ಹಾಕದೆ ಮಾಂಸದಲ್ಲೇ ತುಂಬಿಕೊಳ್ಳುವುದು. ಯೂರಿಯಾ ಹೆಚ್ಚಾದರೆ ಮೈಯ ಪ್ರೋಟೀನುಗಳು ಹಾಳಾಗುತ್ತವೆ. ಅದನ್ನು ತಡೆಯಲು ಟ್ರೈಮೀಥೈಲಮೀನ್ ಆಕ್ಸೈಡ್ ಎಂಬ ಇನ್ನೊಂದು ವಸ್ತುವನ್ನೂ ತುಂಬಿಕೊಳ್ಳುತ್ತದೆ. ಆಳ ಸಮುದ್ರದ ಒತ್ತಡವನ್ನು ತಾಳುವುದಕ್ಕೂ ಅದು ಬೇಕು, ಹಾಗಾಗಿ ಆಳದ ಮೀನಿನಲ್ಲಿ ಅದು ಇನ್ನೂ ಹೆಚ್ಚು. ಹಸಿ ಮಾಂಸ ತಿಂದಾಗ ನಮ್ಮ ಕರುಳಿನಲ್ಲಿ ಅದು ಟ್ರೈಮೀಥೈಲಮೀನ್ ಆಗಿ ಒಡೆದು ತಲೆಗೇರುತ್ತದೆ.

ಈ ರಸಾಯನ ನಿಮಗೆ ಹೊಸದೇನಲ್ಲ. ತೊರಕೆ ಅಥವಾ ತಾಟೆ ಮೀನನ್ನು ಸ್ವಲ್ಪ ತಡವಾಗಿ ಮನೆಗೆ ತಂದಾಗ ಮೂಗಿಗೆ ಕಟುವಾದ ವಾಸನೆ ಹೊಡೆಯುತ್ತದಲ್ಲ, ಅದೇ ಯೂರಿಯಾ ಅಮೋನಿಯವಾಗತೊಡಗಿದ ಗುರುತು. ಅದಕ್ಕೇ ನಮ್ಮ ಹಿರಿಯರು ತೊರಕೆಯನ್ನು ಚೆನ್ನಾಗಿ ತೊಳೆದು, ಹುಣಸೆ ಹುಳಿ ಜಾಸ್ತಿ ಹಾಕಿ ಪುಳಿಮುಂಚಿ ಮಾಡುವುದು. ಹುಳಿ ಅಮೋನಿಯವನ್ನು ಕಟ್ಟಿಹಾಕುತ್ತದೆ.

ನಾವು ಹುಳಿಯಿಂದ ಕಟ್ಟಿಹಾಕುವುದನ್ನು ಅವರು ಹೊರಗೆ ಹರಿಯಬಿಟ್ಟರು. ಸಮುದ್ರದ ದಡದಲ್ಲಿ ಜಲ್ಲಿಯ ಗುಂಡಿ ತೋಡಿ, ಸೀಳಿದ ಶಾರ್ಕನ್ನು ಅದರಲ್ಲಿಟ್ಟು, ಮೇಲೆ ಜಲ್ಲಿ, ಅದರ ಮೇಲೆ ಭಾರವಾದ ಕಲ್ಲು ಹೇರುತ್ತಿದ್ದರು. ಕಲ್ಲಿನ ಭಾರಕ್ಕೆ ಮಾಂಸದ ರಸ ಒಸರಿ ಜಲ್ಲಿಯೊಳಗೆ ಇಳಿದುಹೋಗುತ್ತಿತ್ತು. ಅದೇ ಹೊತ್ತಿಗೆ ಬ್ಯಾಕ್ಟೀರಿಯಾ ಯೂರಿಯಾವನ್ನು ಅಮೋನಿಯವಾಗಿ ಒಡೆಯುತ್ತವೆ. ಅಮೋನಿಯದಿಂದ ಮಾಂಸ ಕ್ಷಾರವಾಗುತ್ತದೆ, ರೋಗ ತರುವ ಬಹುಪಾಲು ಜೀವಿಗಳು ಆ ಕ್ಷಾರದಲ್ಲಿ ಬೆಳೆಯಲಾರವು. ನಮ್ಮ ಉಪ್ಪಿನಕಾಯಿಯನ್ನು ಹುಳಿ ಕಾಯುತ್ತದೆ, ಹೌಕಾರ್ಟ್ಲ್ ಅನ್ನು ಕ್ಷಾರ ಕಾಯುತ್ತದೆ. ಹವೆ ನೋಡಿಕೊಂಡು ಆರರಿಂದ ಹನ್ನೆರಡು ವಾರ ಹೀಗೆ ಇಟ್ಟು, ಹೊರತೆಗೆದು ತೊಳೆದು, ಪಟ್ಟಿಗಳಾಗಿ ಕತ್ತರಿಸಿ, ಹ್ಯಾತ್ಲುರ್ ಒಳಗೆ ನಾಲ್ಕೈದು ತಿಂಗಳು ತೂಗುಹಾಕುತ್ತಾರೆ. ಹೊರಗೆ ಕಂದು ಬಣ್ಣದ ಹೊರಪು ಕಟ್ಟುತ್ತದೆ, ಒಳಗಿನ ಅಮೋನಿಯ ಗಾಳಿಗೆ ಹಗುರಾಗುತ್ತ ಹೋಗುತ್ತದೆ. ಹೊರಪನ್ನು ಕೊಯ್ದು ತೆಗೆದು ಒಳಗಿನದನ್ನು ಸಣ್ಣ ಘನಗಳಾಗಿ ಕತ್ತರಿಸಿ ಕೊಡುತ್ತಾರೆ. ಹೊಟ್ಟೆಯ ಭಾಗದ್ದು ಕೆಂಪಾಗಿ, ಗಾಜಿನಂತೆ ಹೊಳೆದು, ಜಗಿಯುವಂತಿರುತ್ತದೆ. ಬೆನ್ನಿನ ಕಡೆಯದು ಬಿಳಿ, ಗಿಣ್ಣಿನಂತೆ ಮೃದು. ಯಾವುದು ತಿಂದೆ ಎಂದು ಮಗನನ್ನು ಕೇಳಿ ನೋಡಿ. ಈಗ ಗುಂಡಿಯ ಜಾಗದಲ್ಲಿ ರಸ ಬಸಿಯುವ ತೂತುಗಳಿರುವ ಪೆಟ್ಟಿಗೆಗಳು ಬಂದಿವೆ, ಕೆಲಸ ಅದೇ. ಸ್ನೈಫೆಲ್ಸ್‌ನೆಸ್‌ನ ಬ್ಯಾರ್ನರ್‌ಹೊಪ್ನ್ ಎಂಬ ತೋಟದ ಮನೆಯಲ್ಲಿ ಇದನ್ನು ಮಾಡುವ ಕುಟುಂಬ ಒಂದು ವಸ್ತುಸಂಗ್ರಹಾಲಯವನ್ನೂ ನಡೆಸುತ್ತದೆ. ರೇಕ್ಯಾವಿಕ್‌ನಿಂದ ಒಂದು ದಿನದಲ್ಲಿ ಹೋಗಿ ಬರಬಹುದು. ಮಗ ನೋಡಿ ಬರಲಿ, ಮನಸ್ಸಿನ ಅಳುಕು ಹೋಗುತ್ತದೆ.

ಅವನು ತಿಂದ ಹಬ್ಬದೂಟ ಥೊರ್ರಾಬ್ಲೋತ್ ಆಗಿರಬೇಕು. ಜನವರಿಯ ಕೊನೆಯ ಭಾಗದಲ್ಲಿ ತೊಡಗಿ ಫೆಬ್ರವರಿಯವರೆಗೆ ನಡೆಯುವ ಥೊರ್ರಿ ಎಂಬ ಹಳೆಯ ಮಾಸದ ಹಬ್ಬ. ತಿನಿಸುಗಳು ಹಳೆಯವು, ಹೀಗೆ ಒಟ್ಟಿಗೆ ಹರವಿಟ್ಟು ಉಣ್ಣುವ ಪದ್ಧತಿ ಅಷ್ಟು ಹಳೆಯದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಹಬ್ಬಕ್ಕೆ ಮರುಜೀವ ಬಂತು. 1958ರಲ್ಲಿ ರೇಕ್ಯಾವಿಕ್‌ನ ನೊಯ್ಸ್ತಿದ್ ಎಂಬ ಊಟದ ಮನೆ ಹಳೆಯ ತಿನಿಸುಗಳನ್ನು ಮರದ ತೊಟ್ಟಿಗಳಲ್ಲಿಟ್ಟು ಬಡಿಸಿದ ಮೇಲೆ ಎಲ್ಲೆಡೆ ಹರಡಿತು. ಪಟ್ಟಣ ಸೇರಿದ ಮಕ್ಕಳು ಅಜ್ಜಿಯ ಮನೆಯ ರುಚಿ ಹುಡುಕಿಕೊಂಡು ಬಂದದ್ದು ಅದು. ಬೆಂಗಳೂರಿನಲ್ಲಿರುವ ನಮ್ಮ ಕಡೆಯ ಹುಡುಗರು ಕೋರಿರೊಟ್ಟಿ ಹುಡುಕಿಕೊಂಡು ಹೋಗುವುದನ್ನು ಕಂಡವರಿಗೆ ಇದು ಅರ್ಥವಾಗುತ್ತದೆ.

ಡಿಸೆಂಬರ್ 23ರಂದು ಮಗ ಅಲ್ಲೇ ಇದ್ದರೆ ಇನ್ನೊಂದು ವಾಸನೆಗೆ ಸಿದ್ಧನಾಗಿರಬೇಕು. ಅಂದು ಬಿಷಪ್ ಥೋರ್ಲೌಕುರ್ ಅವರ ದಿನ; 1193ರ ಅದೇ ದಿನ ಅವರು ತೀರಿಕೊಂಡರು. ಕ್ರಿಸ್ಮಸ್ ಹಿಂದಿನ ಉಪವಾಸದ ದಿನವಾದ್ದರಿಂದ ಮಾಂಸವಿಲ್ಲ, ಮಾಗಿಸಿದ ಸ್ಕೇಟ್ ಮೀನು. ಸ್ಕೇಟ್ ಎಂದರೆ ನಮ್ಮ ತೊರಕೆಯ ದಾಯಾದಿ, ಮೈಯಲ್ಲಿ ಅದೇ ಯೂರಿಯಾ. ಉಪ್ಪಿಲ್ಲದೆ ಕೆಲವು ವಾರ ರಾಶಿ ಹಾಕಿಟ್ಟು, ಬೇಯಿಸಿ, ಆಲೂಗಡ್ಡೆ ಮತ್ತು ಕರಗಿಸಿದ ಕುರಿಕೊಬ್ಬಿನೊಂದಿಗೆ ಉಣ್ಣುತ್ತಾರೆ. ವಾಯವ್ಯದ ಫ್ಯೋರ್ಡ್ ಸೀಮೆಯ ಪದ್ಧತಿ ಇದು, ಈಗ ದೇಶವಿಡೀ ಹಬ್ಬಿದೆ. ಬೇಯುವಾಗ ಕಣ್ಣಲ್ಲಿ ನೀರು ಬರುತ್ತದೆ, ಬಟ್ಟೆಗೆ ಹಿಡಿದ ವಾಸನೆ ಬೇಗ ಬಿಡುವುದಿಲ್ಲ. ಹಳೆಯ ಕೋಟು ಹಾಕಿಕೊಂಡು ಹೋಗಲಿ. ನನಗಂತೂ ಶಾರ್ಕಿಗಿಂತ ಇದೇ ರುಚಿಸಿತು. ಮೊದಲ ಎರಡು ತುತ್ತು ದಾಟಿದ ಮೇಲೆ ಮೂಗು ತಾನಾಗಿ ತೆರೆದುಕೊಂಡು, ಆ ಚಳಿಯಲ್ಲಿ ಮೈ ಬೆಚ್ಚಗಾಯಿತು.

ನಿಮ್ಮ ಮೂರನೆಯ ಪ್ರಶ್ನೆಗೆ ನಾನು ಕಟ್ಟುನಿಟ್ಟಾಗಿ ಮಾತನಾಡಬೇಕು. ಹೂತಿಟ್ಟು ಮಾಗಿಸುವ ಯಾವ ಕ್ರಮವನ್ನೂ ನಮ್ಮ ಹವೆಯಲ್ಲಿ ಮಾಡಬೇಡಿ, ಯಾರೂ ಮಾಡಬಾರದು. ಐದಾರು ಡಿಗ್ರಿಯಲ್ಲಿ ನಡೆಯುವ ಕೆಲಸವನ್ನು ಮೂವತ್ತು ಡಿಗ್ರಿಗೆ ತಂದರೆ ಕೆಲಸ ಮಾಡುವ ಜೀವಿಗಳೇ ಬೇರೆಯಾಗುತ್ತವೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟರಂತೂ ಬಾಟ್ಯುಲಿಸಂ ಎಂಬ ಮಾರಕ ವಿಷಬಾಧೆಯ ಅಪಾಯವಿದೆ. ಅಲಾಸ್ಕದಲ್ಲಿ ತಲೆಮಾರುಗಳಿಂದ ಹುಲ್ಲು ಹಾಸಿದ ಗುಂಡಿಯಲ್ಲಿ ಮೀನು ಮಾಗಿಸುತ್ತಿದ್ದ ಸಮುದಾಯಗಳು ಪ್ಲಾಸ್ಟಿಕ್ ಬಕೆಟ್ಟಿಗೆ ಬದಲಾದಾಗ ಈ ವಿಷಬಾಧೆ ಹೆಚ್ಚಿತು. ಬಂಗುಡೆ, ಸೂರೆ ಮುಂತಾದ ಮೀನುಗಳ ವಿಷಯದಲ್ಲಿ ಇನ್ನೊಂದು ಅಪಾಯ. ಅವುಗಳ ಮಾಂಸದಲ್ಲಿರುವ ಹಿಸ್ಟಿಡಿನ್ ಬಿಸಿಯಲ್ಲಿ ಹಿಸ್ಟಮಿನ್ ಆಗುತ್ತದೆ, ಮೈಯೆಲ್ಲ ಕೆಂಪೇರಿ, ತಲೆ ಸಿಡಿದು, ಎದೆ ಬಡಿದುಕೊಳ್ಳುತ್ತದೆ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಎಷ್ಟು ಬೇಯಿಸಿದರೂ ಹೋಗುವುದಿಲ್ಲ.

ಹಾಗೆಂದು ನಿಮ್ಮ ಆಸೆಗೆ ದಾರಿಯೇ ಇಲ್ಲವೆಂದಲ್ಲ. ಉಪ್ಪಿಲ್ಲದೆ ಒಣಗಿಸುವ ಪದ್ಧತಿ ನಮ್ಮಲ್ಲೂ ಇದೆ, ತೀರ ಚಿಕ್ಕವಕ್ಕೆ ಮಾತ್ರ. ಸಣ್ಣ ಸಿಗಡಿ, ಬೆರಳಿಗಿಂತ ಸಪೂರದ ಮೀನುಗಳು ಒಳ್ಳೆಯ ಬಿಸಿಲಿದ್ದರೆ ಒಂದೆರಡು ದಿನದಲ್ಲಿ ಗರಿಗರಿಯಾಗುತ್ತವೆ. ಕೆಡುವ ಮೊದಲೇ ನೀರು ಹೋಗಿಬಿಡುತ್ತದೆ. ಐಸ್‌ಲ್ಯಾಂಡಿನಲ್ಲಿ ಚಳಿ ಕೊಡುವ ಸಮಯವನ್ನು ಇಲ್ಲಿ ಮೀನಿನ ಸಣ್ಣ ಗಾತ್ರ ಕೊಡುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗಿನ ಬಿಸಿಲಿನಲ್ಲಿ, ಅಂದೇ ಹಿಡಿದ ತಾಜಾ ಸಿಗಡಿಯನ್ನು ತೊಳೆದು, ಮರಳಿನ ಮೇಲಲ್ಲ, ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ ಕಟ್ಟಿದ ಬಲೆಯ ಮೇಲೆ ತೆಳ್ಳಗೆ ಹರವಿ, ಮೇಲೆ ಸೊಳ್ಳೆಪರದೆಯ ಬಟ್ಟೆ ಮುಚ್ಚಿ. ಸಂಜೆ ಒಳಗೆ ತನ್ನಿ. ಬೆರಳಲ್ಲಿ ಮುರಿದರೆ ಚಟ್ಟನೆ ಮುರಿಯಬೇಕು. ಬಾಗಿದರೆ ಒಣಗಿಲ್ಲ. ದೊಡ್ಡ ಮೀನು ತಿನ್ನಲೇಬೇಕೆಂದರೆ ಅಂಗಡಿಯ ಉಪ್ಪುಮೀನನ್ನೇ ರಾತ್ರಿ ಫ್ರಿಜ್‌ನಲ್ಲಿ ನೀರಿನಲ್ಲಿ ನೆನೆಹಾಕಿ, ಮೂರು ನಾಲ್ಕು ಬಾರಿ ನೀರು ಬದಲಿಸಿದರೆ ಉಪ್ಪಿನ ದೊಡ್ಡ ಪಾಲು ಹೋಗುತ್ತದೆ. ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಎಷ್ಟು, ಎಷ್ಟು ದಿನಕ್ಕೊಮ್ಮೆ ಎಂಬುದನ್ನು ನಿಮ್ಮ ವೈದ್ಯರನ್ನೇ ಕೇಳಿ.

ಮಗ ತಂದ ಪೊಟ್ಟಣದ ಬಗ್ಗೆಯೂ ಒಂದು ಎಚ್ಚರಿಕೆ. ಹಳೆಯ ಕ್ರಮದಲ್ಲಿ ಹಾರ್ದ್‌ಫಿಸ್ಕುರ್‌ಗೆ ಉಪ್ಪಿಲ್ಲ ಎಂಬುದು ನಿಜ. ಈಗಿನ ತಯಾರಕರಲ್ಲಿ ಹಲವರು ಒಣಗಿಸುವ ಮೊದಲು ಮೀನನ್ನು ತೆಳು ಉಪ್ಪುನೀರಿನಲ್ಲಿ ಅದ್ದುತ್ತಾರೆ. ಒಣಗಿದಾಗ ಸುಮಾರು ಐದು ಕಿಲೋ ಮೀನು ಒಂದು ಕಿಲೋ ಆಗುವುದರಿಂದ ಆ ತೆಳು ಉಪ್ಪೂ, ಮೀನಿನಲ್ಲಿ ಹುಟ್ಟಿನಿಂದ ಇರುವ ಸೋಡಿಯಂ ಕೂಡ ಒಟ್ಟುಗೂಡುತ್ತವೆ. ಪೊಟ್ಟಣದ ಹಿಂದೆ ನೂರು ಗ್ರಾಂಗೆ ಎಷ್ಟು ಉಪ್ಪು ಎಂದು ಅಚ್ಚಾಗಿರುತ್ತದೆ. ಅವರ ಭಾಷೆಯಲ್ಲೂ ಉಪ್ಪಿಗೆ ಸಾಲ್ಟ್ ಎಂದೇ ಬರೆಯುತ್ತಾರೆ, ಓದಲು ಕಷ್ಟವಿಲ್ಲ. ಮುಂದಿನ ಸಲ ಉಪ್ಪಿನ ಅಂಕಿ ಕಡಿಮೆ ಇರುವುದನ್ನೇ ಆರಿಸಿ ತರಲು ಹೇಳಿ. ನೂರು ಗ್ರಾಂನಲ್ಲಿ ಸುಮಾರು ಎಂಬತ್ತು ಗ್ರಾಂ ಪ್ರೋಟೀನ್ ಇರುವ ತಿನಿಸು ಅದು. ಮೂತ್ರಪಿಂಡದ ತೊಂದರೆಯೂ ಇದ್ದರೆ ವೈದ್ಯರಿಗೆ ತೋರಿಸದೆ ತಿನ್ನಬೇಡಿ. ಬೆಣ್ಣೆ ಹಚ್ಚುವುದಾದರೆ ಉಪ್ಪಿಲ್ಲದ ಮನೆಬೆಣ್ಣೆಯೇ ಆಗಲಿ. ಪೊಟ್ಟಣ ಒಡೆದ ಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಹೊರಗಿಟ್ಟರೆ ನಮ್ಮ ಮಳೆಗಾಲದ ಗಾಳಿ, ಅಲ್ಲಿಯ ಗಾಳಿ ತಿಂಗಳುಗಟ್ಟಲೆ ಎಳೆದು ತೆಗೆದ ನೀರನ್ನು ಎರಡೇ ದಿನದಲ್ಲಿ ಮೀನಿಗೆ ಮರಳಿ ಕೊಟ್ಟುಬಿಡುತ್ತದೆ.